ಸಾಲೋಟಗಿಯ ಕಂಬ ಮತ್ತು ಕಾಲೇಜಿನ ಮಾನ್ಯತೆ

ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಮಗನನ್ನು ಎಲ್ಲಿಗೆ ಸೇರಿಸಬೇಕು? ಮಗಳು ಯಾವ ಪದವಿಗೆ ಹೋಗಬೇಕು? ಆ ಕಾಲೇಜಿಗೆ ಮಾನ್ಯತೆ ಇದೆಯೇ? ನ್ಯಾಕ್ ಸಂಸ್ಥೆ ಅದಕ್ಕೆ ಯಾವ ಶ್ರೇಣಿ ಕೊಟ್ಟಿದೆ? ಹತ್ತಿರದ ಊರಿನಲ್ಲಿಯೇ ಇರುವ ಚಿಕ್ಕ ಕಾಲೇಜು ಸಾಕೇ, ಅಥವಾ ಸಾಲ ಮಾಡಿಯಾದರೂ ದೊಡ್ಡ ಆವರಣವಿರುವ ಕಾಲೇಜಿಗೆ ಕಳುಹಿಸಬೇಕೇ? ತಂದೆತಾಯಿಗಳ ಪಾಲಿಗೆ ಇದು ಹಗುರವಾದ ಪ್ರಶ್ನೆಯಲ್ಲ. ಒಂದು ಕುಟುಂಬದ ಹಲವು ವರ್ಷಗಳ ಉಳಿತಾಯವೂ ಒಬ್ಬ ಯುವಕನ ಅಥವಾ ಯುವತಿಯ ಬಾಳಿನ ದಾರಿಯೂ ಈ ಒಂದು ನಿರ್ಧಾರದಲ್ಲಿ ಅಡಗಿರುತ್ತವೆ.

ಕಾಲೇಜೊಂದರ ಬೆಲೆಯನ್ನು ಯಾವುದರಿಂದ ಅಳೆಯಬೇಕು ಎಂಬ ಈ ಪ್ರಶ್ನೆ ಹೊಸತೆಂದು ನಾವು ಭಾವಿಸುತ್ತೇವೆ. ಆದರೆ ವಿಜಯಪುರ ಜಿಲ್ಲೆಯ ಮಣ್ಣಿನಲ್ಲಿ ಈ ಪ್ರಶ್ನೆಗೆ ಒಂದು ಸಾವಿರ ವರ್ಷಗಳಿಗೂ ಹಳೆಯದಾದ ಉತ್ತರವಿದೆ. ಅದನ್ನು ಕಲ್ಲಿನ ಮೇಲೆ ಕೆತ್ತಿಡಲಾಗಿದೆ. ಇಂಡಿ ತಾಲ್ಲೂಕಿನ ಸಾಲೋಟಗಿ, ಬಸವನ ಬಾಗೇವಾಡಿಯ ಕಡೆಗಿರುವ ಮನಗೂಳಿ, ಮತ್ತು ವಿಜಯಪುರ ನಗರ, ಈ ಮೂರು ಸ್ಥಳಗಳ ಕಥೆಯನ್ನು ಜೊತೆಗಿಟ್ಟು ಓದಿದರೆ ಒಂದು ವಿದ್ಯಾಸಂಸ್ಥೆ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಅದರ ಯೋಗ್ಯತೆಗೆ ಯಾರು ಸಾಕ್ಷಿ ಹೇಳುತ್ತಾರೆ ಎಂಬುದು ನಮಗೆ ಸ್ಪಷ್ಟವಾಗುತ್ತದೆ.

ಕಲ್ಲಿನಲ್ಲಿ ಬರೆದ ಲೆಕ್ಕ

ಸಾಲೋಟಗಿಯ ಕಂಬದ ಶಾಸನ ಶಕವರ್ಷ 867ಕ್ಕೆ, ಅಂದರೆ ಕ್ರಿ.ಶ. 945ಕ್ಕೆ ಸೇರಿದ್ದು. ಆಗ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ನಾಡನ್ನು ಆಳುತ್ತಿದ್ದನು. ಅವನ ಮಂತ್ರಿಯಾಗಿದ್ದ ನಾರಾಯಣನೆಂಬವನು ಅಂದು ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಇಲ್ಲಿ ಶಾಲೆ ಎಂದರೆ ನಾವು ಈಗ ತಿಳಿಯುವಂತೆ ಎಳೆಯ ಮಕ್ಕಳ ಪಾಠಶಾಲೆಯಲ್ಲ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿದು ಉನ್ನತ ಅಧ್ಯಯನ ಮಾಡುತ್ತಿದ್ದ ವಿದ್ಯಾಲಯ. ಶಾಲೆ ಎಂಬ ಆ ಮಾತು ಊರಿನ ಹೆಸರಿನೊಡನೆ ಬೆರೆತು ಕಾಲಕ್ರಮದಲ್ಲಿ ಸಾಲೋಟಗಿ ಎಂದಾಯಿತೆಂದು ವಿದ್ವಾಂಸರು ವಿವರಿಸಿದ್ದಾರೆ. ಊರೇ ತನ್ನ ಕಾಲೇಜಿನ ಹೆಸರನ್ನು ಹೊತ್ತುಕೊಂಡು ಉಳಿದಿರುವುದು ನಿಜವಾಗಿಯೂ ಅಪೂರ್ವವಾದ ಸಂಗತಿ.

ಆ ಶಾಸನ ಕಟ್ಟಡದ ವೈಭವವನ್ನಷ್ಟೇ ಹೊಗಳಿ ಮುಗಿಸುವುದಿಲ್ಲ. ಅದು ಲೆಕ್ಕವನ್ನು ಕೊಡುತ್ತದೆ. ಭಾದ್ರಪದ ಅಮಾವಾಸ್ಯೆಯ ಸೂರ್ಯಗ್ರಹಣದ ದಿನ ಆ ಊರಿನ ಮುಖ್ಯಸ್ಥನೂ ಅಲ್ಲಿಯ ಇನ್ನೂರು ಮಂದಿ ಬ್ರಾಹ್ಮಣರೂ ಸೇರಿ ಕೊಟ್ಟ ದಾನಗಳನ್ನು ಒಂದೊಂದಾಗಿ ಹೇಳುತ್ತದೆ. ಶಾಲೆಗೆ 500 ನಿವರ್ತನ ಭೂಮಿ. ವಾಸಕ್ಕೆ 27 ಮನೆಗಳು. ಹೂದೋಟಕ್ಕೆ 4 ನಿವರ್ತನ. ದೀಪಕ್ಕೆ 12 ನಿವರ್ತನ. ಪಾಠ ಹೇಳುವ ಆಚಾರ್ಯನಿಗೆ 50 ನಿವರ್ತನ ಭೂಮಿ ಮತ್ತು ಒಂದು ಮನೆ. ನಿವರ್ತನ ಎಂಬುದು ಅಂದಿನ ಭೂಮಿಯ ಅಳತೆ.

ಭೂಮಿ ಕೊಟ್ಟಲ್ಲಿಗೆ ಊರಿನವರ ಹೊಣೆ ಮುಗಿಯಲಿಲ್ಲ. ಊರಿನಲ್ಲಿ ಮದುವೆ ನಡೆದಾಗಲೆಲ್ಲ ‘ಪುಷ್ಪ’ವೆಂಬ ಹೆಸರಿನ ಐದು ನಾಣ್ಯಗಳನ್ನು ಶಾಲೆಗೆ ಸಲ್ಲಿಸಬೇಕು, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧದ ಅರ್ಧ. ಯಾವುದೇ ಕಾರಣಕ್ಕೆ ಊರಿನಲ್ಲಿ ಬ್ರಾಹ್ಮಣರಿಗೆ ಔತಣವಾದರೆ ಶಾಲೆಯವರಿಗೂ ಕೈಲಾದ ಮಟ್ಟಿಗೆ ಊಟ ಹಾಕಬೇಕು. ಹೀಗೆ ಮನೆಯ ಪ್ರತಿಯೊಂದು ಸಂತೋಷದಲ್ಲಿಯೂ ವಿದ್ಯಾರ್ಥಿಗೆ ಒಂದು ಪಾಲು ಮೀಸಲಾಯಿತು.

ಈ ಲೆಕ್ಕವನ್ನು ಸ್ವಲ್ಪ ಕೂಡಿಸಿ ನೋಡೋಣ. ಒಟ್ಟು ಭೂಮಿ 566 ನಿವರ್ತನ. ಅದರಲ್ಲಿ ಹತ್ತನೆಯ ಎಂಟು ಪಾಲಿಗೂ ಹೆಚ್ಚು ಭಾಗ ಶಾಲೆಯ ನಿತ್ಯನಿರ್ವಹಣೆಗೆ ಮೀಸಲು. ಗುರುವಿಗೆ ಬದುಕಲು ಸಾಕಾಗುವಷ್ಟು ಭೂಮಿ ಪ್ರತ್ಯೇಕವಾಗಿದೆ. ಅವನು ಶಿಷ್ಯರ ಕೈ ನೋಡಬೇಕಾಗಿಲ್ಲ. ಹೂದೋಟಕ್ಕೆ ಕೊಟ್ಟ ಭೂಮಿಗಿಂತ ದೀಪಕ್ಕೆ ಕೊಟ್ಟ ಭೂಮಿ ಮೂರು ಪಟ್ಟು ಹೆಚ್ಚು. ಅಲಂಕಾರ ಬೇಡವೆಂದು ಆ ಹಿರಿಯರು ಹೇಳಲಿಲ್ಲ. ಆದರೆ ಬೆಳಕು ಮೊದಲು, ಹೂವು ಆಮೇಲೆ ಎಂಬ ಕ್ರಮವನ್ನು ಅವರು ಭೂಮಿಯನ್ನು ಅಳೆದೇ ತೋರಿಸಿದರು. ವಿದ್ಯಾಲಯದ ಆವರಣ ಬೆಳೆಯಬೇಕಾದ ರೀತಿಗೆ ಇದಕ್ಕಿಂತ ಸರಳವಾದ ಪಾಠ ದೊರೆಯಲಾರದು.

ಮನಗೂಳಿಯ ವ್ಯಾಕರಣ, ನಾಗಾವಿಯ ಗ್ರಂಥಾಲಯ

ಸಾಲೋಟಗಿ ಒಂಟಿ ಉದಾಹರಣೆಯಲ್ಲ. ವಿಜಯಪುರದಿಂದ ಬಸವನ ಬಾಗೇವಾಡಿಯ ಕಡೆಗೆ ಹೋಗುವಾಗ ಸಿಗುವ ಮನಗೂಳಿಯ 12ನೆಯ ಶತಮಾನದ ಶಾಸನಗಳನ್ನು ಜೆ. ಎಫ್. ಫ್ಲೀಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಮುಖ್ಯವಾದುದು ಕಳಚುರಿ ಬಿಜ್ಜಳನ ಕಾಲದ, 1161ರ ಶಾಸನ. ಮಣಿಂಗವಳ್ಳಿ ಎಂದು ಅಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಕೌಮಾರ ವ್ಯಾಕರಣವನ್ನು ಪಾಠ ಹೇಳುವವರಿಗಾಗಿ ಭೂಮಿಯನ್ನು ಬಿಟ್ಟಿದ್ದರೆಂಬುದು ಈ ಶಾಸನಗಳಿಂದ ತಿಳಿಯುತ್ತದೆ. ಕಾತಂತ್ರವೆಂದೂ ಹೆಸರಾದ ಈ ವ್ಯಾಕರಣ ಪಾಣಿನಿಯ ಸೂತ್ರಗಳಿಗಿಂತ ಸುಲಭವಾಗಿ ಸಂಸ್ಕೃತವನ್ನು ಕಲಿಸುವುದಕ್ಕಾಗಿ ರಚಿತವಾದದ್ದು. ಅಂದರೆ ಮನಗೂಳಿಯಲ್ಲಿ ಪಂಡಿತರ ವಾದವಿವಾದಕ್ಕಿಂತ ಕಲಿಯುವವನ ಅನುಕೂಲವನ್ನು ಗಮನಿಸಿದ ಒಂದು ಪಠ್ಯಕ್ರಮ ಜಾರಿಯಲ್ಲಿತ್ತು ಎನ್ನಬಹುದು. ಒಂದು ಊರು, ಒಂದು ವಿಷಯ, ಅದಕ್ಕೊಂದು ಸ್ಥಿರವಾದ ಆದಾಯ. ಪದವಿ ಶಿಕ್ಷಣದ ಬೀಜರೂಪ ಇದು.

ನೆರೆಯ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯಿರುವ ನಾಗಾವಿಯಲ್ಲಿ ಇದಕ್ಕಿಂತಲೂ ದೊಡ್ಡ ಸಂಸ್ಥೆಯಿತ್ತು. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನ ಅಲ್ಲಿಯ ಘಟಿಕಾಸ್ಥಾನದ ವಿವರವನ್ನು ಕೊಡುತ್ತದೆ. ವೇದ ಮತ್ತು ಶಾಸ್ತ್ರಗಳನ್ನು ಕಲಿಯುವ ಸುಮಾರು 250 ವಿದ್ಯಾರ್ಥಿಗಳಿಗೂ ಅವರ ಗುರುಗಳಿಗೂ ಅಲ್ಲಿ ಏರ್ಪಾಡಿತ್ತು. ಇವರೊಡನೆ ಆರು ಮಂದಿ ‘ಸರಸ್ವತೀ ಭಂಡಾರಿಗ’ರೂ ಇದ್ದರು. ಅರಮನೆಯ ಭಂಡಾರಿಗ ಹೊನ್ನನ್ನು ಕಾಯುವಂತೆ ಪುಸ್ತಕಗಳನ್ನು ಕಾಯುವವರು ಇವರು. ಇಂದಿನ ಮಾತಿನಲ್ಲಿ ಗ್ರಂಥಪಾಲಕರು. ಒಂದು ಕಾಲೇಜಿಗೆ ಆರು ಮಂದಿ ಗ್ರಂಥಪಾಲಕರು! ಇಂದು ಗ್ರಂಥಾಲಯದ ಕೋಣೆಗೆ ಬೀಗ ಹಾಕಿಕೊಂಡು ನಡೆಯುತ್ತಿರುವ ಕಾಲೇಜುಗಳು ಈ ಶಾಸನವನ್ನೊಮ್ಮೆ ಓದಬೇಕು.

ಮುಂದೆ ಮುಸಲ್ಮಾನ ಅರಸರ ಕಾಲದಲ್ಲಿಯೂ ಈ ಹಂಬಲ ಅಳಿಯಲಿಲ್ಲ. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಮೂರು ಅಂತಸ್ತಿನ ಮದರಸವನ್ನು ಕಟ್ಟಿಸಿದನು. ಉಪನ್ಯಾಸದ ಸಭಾಂಗಣಗಳು, ಗ್ರಂಥಾಲಯ, ವಿದ್ಯಾರ್ಥಿಗಳ ವಾಸದ ಕೋಣೆಗಳು ಒಂದೇ ಆವರಣದಲ್ಲಿದ್ದವು. ಧರ್ಮ ಬೇರೆ, ಭಾಷೆ ಬೇರೆ. ಆದರೆ ಕೋಣೆ, ಬೆಳಕು, ಪುಸ್ತಕ, ಗುರು ಎಂಬ ನಾಲ್ಕು ಅಗತ್ಯಗಳು ಮಾತ್ರ ಬದಲಾಗಲಿಲ್ಲ.

ಬಾಗಿಲಿನ ಹೊರಗೆ ನಿಂತವರು

ಆದರೆ ಇತಿಹಾಸವನ್ನು ಓದುವಾಗ ಹೊಗಳಿಕೆಯಷ್ಟೇ ಸಾಲದು. ಸಾಲೋಟಗಿಯ 27 ಮನೆಗಳಲ್ಲಿ ಯಾರು ವಾಸಿಸಿದರು? ವೇದಶಾಸ್ತ್ರಗಳನ್ನು ಓದಲು ಅಧಿಕಾರವಿದ್ದ ಬ್ರಾಹ್ಮಣ ವಟುಗಳು. ಆ ಐನೂರು ನಿವರ್ತನ ಹೊಲವನ್ನು ಉತ್ತು ಬಿತ್ತಿದವನ ಮಗ ಅಲ್ಲಿ ಕುಳಿತು ಅಕ್ಷರ ಕಲಿಯಲಿಲ್ಲ. ದೀಪದ ಎಣ್ಣೆಯನ್ನು ಗಾಣದಲ್ಲಿ ತೆಗೆದವನ ಮಗಳಿಗೆ ಆ ದೀಪದ ಬೆಳಕು ದೊರೆಯಲಿಲ್ಲ. ದುಡಿಮೆ ಎಲ್ಲರದು, ವಿದ್ಯೆ ಕೆಲವರದು. ಕಲ್ಲಿನಲ್ಲಿ ಬರೆಯದೆ ಬಿಟ್ಟ ಸಂಗತಿ ಇದು.

ಮನಗೂಳಿಯಲ್ಲಿ ವ್ಯಾಕರಣದ ಪಾಠ ನಡೆಯುತ್ತಿದ್ದ ಅದೇ ಶತಮಾನದಲ್ಲಿ, ಅದಕ್ಕೆ ಸಮೀಪದ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಈ ಅಂತರವನ್ನು ಪ್ರಶ್ನಿಸಿದರು. ಬಾಗೇವಾಡಿಯ ಮಾದಿರಾಜನ ಮಗನೆಂದು ಅವರನ್ನು ಹೆಸರಿಸುವ 1260ರ ಶಾಸನ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ದೊರೆತಿದೆ. ಅವರ ಸುತ್ತ ಸೇರಿದ ಶರಣರಲ್ಲಿ ಅಂಬಿಗರು, ಮಡಿವಾಳರು, ಮಾದಾರರು, ಕಾಯಕದ ಹೆಣ್ಣುಮಕ್ಕಳು ಎಲ್ಲರೂ ಇದ್ದರು. ಅವರು ಕನ್ನಡದಲ್ಲಿ ಆಲೋಚಿಸಿದರು, ಕನ್ನಡದಲ್ಲಿಯೇ ತಮ್ಮ ಅನುಭವವನ್ನು ಹೇಳಿದರು. ಅಲ್ಲಿಗೆ ಪ್ರವೇಶ ಪಡೆಯಲು ಜಾತಿಯ ಅರ್ಹತೆ ಬೇಕಾಗಿರಲಿಲ್ಲ. ವಿದ್ಯೆಯ ಬಾಗಿಲನ್ನು ಯಾರಿಗೆ ತೆರೆಯಬೇಕು ಎಂಬ ಪ್ರಶ್ನೆಯನ್ನು ನಮ್ಮ ನಾಡು ಅಂದೇ ಎದುರಿಸಿತು.

ಅದೇ ಕಾಲದಲ್ಲಿ ಯೂರೋಪಿನಲ್ಲಿ

ಇದೇ 12ನೆಯ ಶತಮಾನದಲ್ಲಿ ದೂರದ ಯೂರೋಪಿನಲ್ಲಿ ಧರ್ಮಸಭೆಯೂ ಇಂಥದೇ ಪ್ರಶ್ನೆಯನ್ನು ಎದುರಿಸುತ್ತಿತ್ತು. ಪ್ಯಾರಿಸ್ ಮೊದಲಾದ ನಗರಗಳಲ್ಲಿ ಪ್ರಧಾನಾಲಯಗಳಿಗೆ ಸೇರಿದ ಶಾಲೆಗಳು ವಿಶ್ವವಿದ್ಯಾಲಯಗಳಾಗಿ ಬೆಳೆಯತೊಡಗಿದ್ದವು. ಯಾರು ಪಾಠ ಹೇಳಬಹುದು ಎಂಬುದಕ್ಕೆ ಅನುಮತಿ ಪತ್ರ ಬೇಕಾಗಿತ್ತು. ಪದವಿ ಎಂಬುದರ ಮೂಲರೂಪ ಈ ಬೋಧನಾ ಅನುಮತಿಯೇ. ಅನುಮತಿ ಕೊಡುವ ಅಧಿಕಾರವಿದ್ದ ಕಡೆ ಹಣ ಕೇಳುವ ಆಮಿಷವೂ ಇರುತ್ತದೆಯಷ್ಟೆ. ಕೆಲವೆಡೆ ಆ ಪತ್ರಗಳು ಮಾರಾಟದ ವಸ್ತುಗಳಾದವು.

ಆದುದರಿಂದಲೇ 1179ರಲ್ಲಿ ಸೇರಿದ ಮೂರನೆಯ ಲ್ಯಾಟರನ್ ಮಹಾಸಭೆ ತನ್ನ 18ನೆಯ ವಿಧಿಯಲ್ಲಿ ಮೂರು ಮಾತುಗಳನ್ನು ಕಟ್ಟುನಿಟ್ಟಾಗಿ ಹೇಳಿತು. ಪ್ರತಿಯೊಂದು ಪ್ರಧಾನಾಲಯವೂ ಒಬ್ಬ ಬೋಧಕನಿಗೆ ಸಾಕಾಗುವಷ್ಟು ಆದಾಯವನ್ನು ಮೀಸಲಿಡಬೇಕು. ಅವನು ಆ ದೇವಾಲಯದ ಸೇವಾರ್ಥಿಗಳಿಗೂ ಬಡ ವಿದ್ಯಾರ್ಥಿಗಳಿಗೂ ಉಚಿತವಾಗಿ ಕಲಿಸಬೇಕು. ಬೋಧಿಸುವ ಅನುಮತಿಗಾಗಿ ಯಾರೂ ಹಣ ಕೇಳಬಾರದು. ಯೋಗ್ಯನಾದವನಿಗೆ ಆ ಅನುಮತಿಯನ್ನು ನಿರಾಕರಿಸಲೂಬಾರದು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಈ ಏರ್ಪಾಡನ್ನು ಶಕ್ತಿಯಿರುವ ಇತರ ದೇವಾಲಯಗಳಿಗೂ ವಿಸ್ತರಿಸಿತು. ಬೋಧಕನ ಜೀವನಕ್ಕೆ ಮೀಸಲಾದ ಆದಾಯವೆಂಬ ಈ ಆಲೋಚನೆಗೂ ಸಾಲೋಟಗಿಯ ಆಚಾರ್ಯನ 50 ನಿವರ್ತನಕ್ಕೂ ಇರುವ ಹೋಲಿಕೆಯನ್ನು ಓದುಗರು ಗಮನಿಸಬಹುದು. ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳು ಒಂದೇ ಸತ್ಯವನ್ನು ಕಂಡುಕೊಂಡವು.

ಕಾಲೇಜು ಎಂಬ ಪದದ ಚರಿತ್ರೆಯೂ ಇಲ್ಲಿಯೇ ಇದೆ. ಪ್ಯಾರಿಸಿನಲ್ಲಿ ಕಾಲೇಜು ಎಂದರೆ ಮೊದಲು ಪಾಠದ ಕಟ್ಟಡವಲ್ಲ, ಬಡ ವಿದ್ಯಾರ್ಥಿಗಳ ವಾಸದ ಮನೆ. ಜೆರುಸಲೇಮ್ ಯಾತ್ರೆಯಿಂದ ಮರಳಿದ ಲಂಡನ್ನಿನ ಗೃಹಸ್ಥನೊಬ್ಬನು 1180ರಲ್ಲಿ ಹದಿನೆಂಟು ಬಡ ವಿದ್ಯಾರ್ಥಿಗಳಿಗಾಗಿ ಅಲ್ಲಿಯ ಆಸ್ಪತ್ರೆಯ ಒಂದು ಕೋಣೆಗೆ ನಿಧಿಯನ್ನು ಏರ್ಪಡಿಸಿದನು. ಆ ನಗರದ ಮೊದಲ ಕಾಲೇಜೆಂದು ಹೆಸರಾದುದು ಇದೇ. ಅದರ ಹೆಸರೂ ‘ಹದಿನೆಂಟು ಮಂದಿಯ ಕಾಲೇಜು’. ರಾಬರ್ಟ್ ದ ಸೊರ್ಬಾನ್ ಎಂಬ ಗುರುಗಳು 1257ರ ಸುಮಾರಿಗೆ ದೈವಶಾಸ್ತ್ರದ ಬಡ ವಿದ್ಯಾರ್ಥಿಗಳಿಗಾಗಿ ತೆರೆದ ಮನೆಯೇ ಮುಂದೆ ಜಗತ್ಪ್ರಸಿದ್ಧವಾದ ಸೊರ್ಬಾನ್ ಆಯಿತು. ಸಾಲೋಟಗಿಯ 27 ಮನೆಗಳು, ಪ್ಯಾರಿಸಿನ 18 ಹಾಸಿಗೆಗಳು: ದೊಡ್ಡ ವಿದ್ಯಾಸಂಸ್ಥೆಗಳ ಆರಂಭ ಇಷ್ಟು ಚಿಕ್ಕದು, ಇಷ್ಟು ಮಾನವೀಯವಾದುದು.

ವಿಜಯಪುರದಲ್ಲಿ ಪದವಿಯ ದಾರಿ

ಈಗ ಮತ್ತೆ ನಮ್ಮ ನಾಡಿಗೆ, ನಮ್ಮ ಕಾಲಕ್ಕೆ ಸಮೀಪದ ದಿನಗಳಿಗೆ ಬರೋಣ. 1885ರಲ್ಲಿ ಜಿಲ್ಲೆಯ ಕೇಂದ್ರ ಕಲಾದಗಿಯಿಂದ ಅಂದಿನ ಬಿಜಾಪುರಕ್ಕೆ ಬಂತು. ಕಚೇರಿಗಳು ಬಂದವು, ನ್ಯಾಯಾಲಯ ಬಂತು. ಆದರೆ ಪದವಿ ಪಡೆಯಬೇಕೆಂಬ ಯುವಕ ಊರು ಬಿಡಲೇಬೇಕಾಗಿತ್ತು. ಮುಂಬಯಿ ಪ್ರಾಂತ್ಯದ ಈ ಭಾಗಕ್ಕೆ 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯವೇ ಪದವಿ ಕೊಡುವ ಸಂಸ್ಥೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕಿಂತ ಮೊದಲು ಪುಣೆಗೋ ಮುಂಬಯಿಗೋ ಹೋಗುವ ಶಕ್ತಿಯಿದ್ದವರಿಗೆ ಮಾತ್ರ ಪದವಿ ದೊರೆಯುತ್ತಿತ್ತು.

ಹಾಗೆ ಹೋದವರಲ್ಲಿ ಒಬ್ಬರು ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಯೇಸುಸಭೆಯ ಗುರುಗಳು ಮುಂಬಯಿಯಲ್ಲಿ ನಡೆಸುತ್ತಿದ್ದ ಸಂತ ಝೇವಿಯರ್ ಕಾಲೇಜಿನಲ್ಲಿ ಓದಿ, ಕಾನೂನು ಪದವಿ ಪಡೆದು, ಅವರು ಬಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ತಮಗೆ ದೊರೆತ ವಿದ್ಯೆ ತಮ್ಮೊಡನೆಯೇ ಮುಗಿಯಬಾರದೆಂದು ಅವರು 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ಬಿ.ಎಲ್.ಡಿ.ಇ. ಎಂಬ ಕಿರುಹೆಸರಿನಿಂದ ಇಂದು ಎಲ್ಲರೂ ಬಲ್ಲ ಸಂಸ್ಥೆ ಇದು. ರೈತರೂ ಸಣ್ಣ ವ್ಯಾಪಾರಿಗಳೂ ಬಡ್ಡಿಯ ಹಿಡಿತದಿಂದ ಪಾರಾಗದೆ ಮಕ್ಕಳ ಓದು ನಡೆಯದೆಂದು ಅರಿತವರಂತೆ ಅವರು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಕೈಹಾಕಿದರು. ಹಳ್ಳಿ ಹಳ್ಳಿ ತಿರುಗಿ ತಾಳೆಗರಿಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದವರೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದವರೂ ಇವರೇ. ಕ್ರೈಸ್ತ ಗುರುಗಳ ಕಾಲೇಜಿನಲ್ಲಿ ಓದಿದವರೊಬ್ಬರು ಶರಣರ ಸಾಹಿತ್ಯವನ್ನು ಉಳಿಸಿದರು ಎಂಬುದು ವಿದ್ಯೆಗೆ ಗೋಡೆಗಳಿಲ್ಲವೆಂಬುದಕ್ಕೆ ಸೊಗಸಾದ ಸಾಕ್ಷಿ.

ಆದರೂ ಬಿಜಾಪುರದ ಮಕ್ಕಳು ಊರಿನಲ್ಲಿಯೇ ಪದವಿ ತರಗತಿಗೆ ಹೋಗಲು ಇನ್ನೂ ಕಾಯಬೇಕಾಯಿತು. ಇಂದು ಎಸ್.ಬಿ. ಕಲಾ ಮತ್ತು ಕೆ.ಸಿ.ಪಿ. ವಿಜ್ಞಾನ ಮಹಾವಿದ್ಯಾಲಯವೆಂದು ಹೆಸರಾಗಿರುವ ಕಾಲೇಜಿನ ಆರಂಭದ ವರ್ಷ 1945. ನಾಲ್ಕು ವರ್ಷಗಳ ತರುವಾಯ, 1949ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದಾಗ ಈ ಭಾಗದ ಕಾಲೇಜುಗಳಿಗೆ ಕನ್ನಡ ನಾಡಿನದೇ ಆದ ವಿಶ್ವವಿದ್ಯಾಲಯ ದೊರೆಯಿತು. ಬಂಥನಾಳದ ಶ್ರೀ ಸಂಗನಬಸವ ಮಹಾಸ್ವಾಮಿಗಳಂಥವರ ದುಡಿಮೆಯಿಂದ ಬಿ.ಎಲ್.ಡಿ.ಇ. ಸಂಸ್ಥೆ ಜಿಲ್ಲೆಯಲ್ಲಿ ವಿಸ್ತಾರವಾಯಿತು. 1980ರಲ್ಲಿ ಇಂಜಿನಿಯರಿಂಗ್ ಕಾಲೇಜು, 1986ರಲ್ಲಿ ವೈದ್ಯಕೀಯ ಕಾಲೇಜು ಬಂದವು. 2008ರಲ್ಲಿ ಅದರ ವೈದ್ಯಕೀಯ ಶಿಕ್ಷಣಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 1910ರಿಂದ 2008ರವರೆಗೆ ಲೆಕ್ಕ ಹಾಕಿದರೆ ತೊಂಬತ್ತೆಂಟು ವರ್ಷ. ನೆಟ್ಟವರು ಹಣ್ಣನ್ನು ಕಾಣಲಿಲ್ಲ. ಹಳಕಟ್ಟಿಯವರು 1964ರಲ್ಲಿಯೇ ತೀರಿಕೊಂಡಿದ್ದರು.

ಸಾಲೋಟಗಿಯ ಬಾಗಿಲಿನ ಹೊರಗೆ ನಿಂತಿದ್ದ ಹೆಣ್ಣುಮಕ್ಕಳಿಗೂ ಇದೇ ಜಿಲ್ಲೆಯಲ್ಲಿಯೇ ಬಾಗಿಲು ತೆರೆಯಿತೆಂಬುದನ್ನು ನೆನೆದರೆ ಸಂತೋಷವಾಗುತ್ತದೆ. ರಾಜ್ಯದ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಇಲ್ಲಿ ಸ್ಥಾಪಿತವಾಯಿತು. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರು ಬಂತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆರಂಭವಾಗಿ ಈ ಜಿಲ್ಲೆಯ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು.

ನಮ್ಮ ಧರ್ಮಸಭೆಯ ಸಂಸ್ಥೆಗಳ ಬೆಳವಣಿಗೆಯೂ ಇದೇ ನಿಧಾನದ ಹೆಜ್ಜೆಯದು. ಮಂಗಳೂರಿನಲ್ಲಿ ಯೇಸುಸಭೆಯವರು 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜು 1882ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸಂಯೋಜನೆ ಪಡೆಯಿತು, 2007ರಲ್ಲಿ ಸ್ವಾಯತ್ತವಾಯಿತು, 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1921ರಲ್ಲಿ ಅದೇ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ಮದ್ರಾಸಿನ ಸಂಯೋಜನೆಯಿಂದ ವಿಶ್ವವಿದ್ಯಾಲಯದ ಸ್ಥಾನಕ್ಕೆ ಬರಲು ಒಂದು ಸಂಸ್ಥೆಗೆ 142 ವರ್ಷಗಳು ಬೇಕಾದವು. ಐದು ವರ್ಷಗಳಲ್ಲಿ ಎಲ್ಲವನ್ನೂ ಪಡೆದೆವೆಂದು ಫಲಕ ಹಾಕಿಕೊಳ್ಳುವ ಸಂಸ್ಥೆಯನ್ನು ಕಂಡಾಗ ಈ ಸಂಖ್ಯೆಯನ್ನು ನೆನೆಯುವುದು ಒಳಿತು.

ಮಾನ್ಯತೆ ಎಂಬ ಸಾಕ್ಷಿ

ಹಿಂದೆ ಶಾಲೆಯ ಯೋಗ್ಯತೆಗೆ ಊರು ಸಾಕ್ಷಿ, ಕಲ್ಲು ಸಾಕ್ಷಿ. ಕಾಲೇಜುಗಳು ಸಾವಿರ ಸಾವಿರವಾಗಿ ಹಬ್ಬಿದ ಮೇಲೆ ಎಲ್ಲರೂ ನಂಬಬಹುದಾದ ಬೇರೊಂದು ಸಾಕ್ಷಿ ಬೇಕಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1994ರಲ್ಲಿ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿಯನ್ನು, ಅಂದರೆ ನ್ಯಾಕ್ ಸಂಸ್ಥೆಯನ್ನು, ಬೆಂಗಳೂರಿನಲ್ಲಿ ಸ್ಥಾಪಿಸಿತು.

ಈ ಮಂಡಳಿ ನಡೆಸಿಕೊಂಡು ಬಂದ ಕ್ರಮ ಹೀಗಿತ್ತು. ಕಾಲೇಜು ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಂಡು ವರದಿಯನ್ನು ಬರೆಯಬೇಕು. ಪಠ್ಯಕ್ರಮ, ಬೋಧನೆ ಮತ್ತು ಮೌಲ್ಯಮಾಪನ, ಸಂಶೋಧನೆ ಮತ್ತು ವಿಸ್ತರಣೆ, ಕಟ್ಟಡ ಹಾಗೂ ಕಲಿಕೆಯ ಸೌಲಭ್ಯ, ವಿದ್ಯಾರ್ಥಿಗಳಿಗೆ ಬೆಂಬಲ, ಆಡಳಿತ, ಸಂಸ್ಥೆಯ ಮೌಲ್ಯಗಳು ಎಂಬ ಏಳು ವಿಭಾಗಗಳಲ್ಲಿ ಅದರ ಸ್ಥಿತಿಯನ್ನು ತೂಗಲಾಗುತ್ತಿತ್ತು. ಬೇರೆ ಕಡೆಯ ಅಧ್ಯಾಪಕರ ತಂಡವೊಂದು ಬಂದು ನೋಡಿ, ವಿದ್ಯಾರ್ಥಿಗಳೊಡನೆ ಮಾತನಾಡಿ, ವರದಿ ಕೊಡುತ್ತಿತ್ತು. ನಾಲ್ಕು ಅಂಕಗಳ ಮಾಪಕದಲ್ಲಿ ಕಾಲೇಜಿಗೆ ಶ್ರೇಣಿ ದೊರೆಯುತ್ತಿತ್ತು. ಸಾಮಾನ್ಯವಾಗಿ ಐದು ವರ್ಷಗಳ ಅವಧಿಗೆ ಅದು ನಡೆಯುತ್ತಿತ್ತು. ಶ್ರೇಣಿಗಳನ್ನು ಬಿಟ್ಟು ಮಾನ್ಯತೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಹೊಸ ಕ್ರಮವನ್ನು 2024ರಲ್ಲಿ ಪ್ರಕಟಿಸಲಾಯಿತು.

ಈ ವ್ಯವಸ್ಥೆಯಿಂದ ಉಪಕಾರವಾಗಿದೆ ಎಂಬುದನ್ನು ಮರೆಯಬಾರದು. ಮಾನ್ಯತೆಯ ತಂಡ ಬರುವುದೆಂದು ತಿಳಿದ ಮೇಲೆ ಎಷ್ಟೋ ಕಾಲೇಜುಗಳಲ್ಲಿ ಗ್ರಂಥಾಲಯದ ಬೀಗ ತೆರೆಯಿತು, ಹೆಣ್ಣುಮಕ್ಕಳಿಗೆ ಶೌಚಾಲಯ ಬಂತು, ಕಡತಗಳು ಕ್ರಮಕ್ಕೆ ಬಂದವು, ಹಳೆಯ ವಿದ್ಯಾರ್ಥಿಗಳ ನೆನಪು ಬಂತು. ಆದರೆ ಕಾಗದ ತುಂಬಿಸುವ ಕಲೆ ಪಾಠ ಹೇಳುವ ಕಲೆಯನ್ನು ಮೀರಿಸಿದಾಗ ಮಾನ್ಯತೆ ತನ್ನ ಅರ್ಥವನ್ನು ಕಳೆದುಕೊಳ್ಳುತ್ತದೆ. 2025ರ ಫೆಬ್ರವರಿಯಲ್ಲಿ, ಅನುಕೂಲಕರ ಶ್ರೇಣಿಗಾಗಿ ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ತಂಡವೊಂದರ ಸದಸ್ಯರನ್ನು ಕೇಂದ್ರೀಯ ತನಿಖಾ ದಳ ಬಂಧಿಸಿತು. ಬೋಧನೆಯ ಅನುಮತಿಯನ್ನು ಮಾರಬಾರದೆಂದು 1179ರಲ್ಲಿ ಹೇಳಿದ ಮಾತು ಎಂಟುನೂರು ವರ್ಷಗಳು ಕಳೆದರೂ ಹಳತಾಗಿಲ್ಲ. ಮಾನ್ಯತೆ ಎಂಬುದು ಮೂಲತಃ ಒಂದು ಸಾಕ್ಷಿ. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ನ್ಯಾಯಾಲಯಕ್ಕೆ ಅನ್ವಯಿಸುವಂತೆ ಇಲ್ಲಿಗೂ ಅನ್ವಯಿಸುತ್ತದೆ. ಸುಳ್ಳು ಶ್ರೇಣಿಯನ್ನು ನಂಬಿ ಹೊಲ ಅಡವಿಟ್ಟ ತಂದೆಗೆ ಆಗುವ ಅನ್ಯಾಯ ಕಡತದಲ್ಲಿ ಕಾಣುವುದಿಲ್ಲ. ಅದು ಅವನ ಮನೆಯಲ್ಲಿ ಕಾಣುತ್ತದೆ.

ಬಿಟ್ಟುಹೋದವರಿಗಾಗಿ ಒಂದು ಕಾಲೇಜು

ಮಾನ್ಯತೆಯ ಯಾವ ಅಳತೆಗೂ ಸಿಗದ ಇನ್ನೊಂದು ಗುಂಪಿದೆ. ಹತ್ತನೆಯ ತರಗತಿಯಲ್ಲಿ ಓದು ನಿಲ್ಲಿಸಿದವರು, ಕಬ್ಬು ಕಡಿಯಲು ಅಥವಾ ಕಟ್ಟಡದ ಕೆಲಸಕ್ಕಾಗಿ ಗೋವಾ, ಮಹಾರಾಷ್ಟ್ರಗಳ ಕಡೆಗೆ ಗುಳೆ ಹೋದ ತಂದೆತಾಯಿಯರ ಹಿಂದೆ ಹೋದ ಮಕ್ಕಳು, ಪದವಿಯಿದ್ದರೂ ಕೈಯಲ್ಲಿ ಕಸುಬಿಲ್ಲದವರು. ಇವರಿಗಾಗಿ ಹುಟ್ಟಿದ್ದು ಸಮುದಾಯ ಕಾಲೇಜು. 1901ರಲ್ಲಿ ಅಮೆರಿಕದ ಜೋಲಿಯೆಟ್ ಎಂಬ ಊರಿನಲ್ಲಿ ಆರಂಭವಾದ ಕಿರಿಯ ಕಾಲೇಜಿನಿಂದ ಬೆಳೆದ ಈ ಕಲ್ಪನೆಯನ್ನು ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಮೊದಲು ಕೈಗೆತ್ತಿಕೊಂಡಿತು. ಮರುವರ್ಷ, 1996ರಲ್ಲಿ, ಮದ್ರಾಸ್-ಮೈಲಾಪುರ ಮಹಾಧರ್ಮಪ್ರಾಂತ್ಯವು ಮದ್ರಾಸ್ ಸಮುದಾಯ ಕಾಲೇಜನ್ನು ತೆರೆಯಿತು. ಯೇಸುಸಭೆಯ ವಂದನೀಯ ಝೇವಿಯರ್ ಅಲ್ಫೋನ್ಸ್ ಅವರು ಈ ಆಂದೋಲನವನ್ನು ದೇಶದ ಹಲವೆಡೆಗೆ ಕೊಂಡೊಯ್ದರು. 2013ರ ಹೊತ್ತಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ ಸಮುದಾಯ ಕಾಲೇಜುಗಳಿಗಾಗಿ ಯೋಜನೆಯನ್ನು ರೂಪಿಸಿತು.

ಸಮುದಾಯ ಕಾಲೇಜಿಗೆ ದೊಡ್ಡ ಆವರಣ ಬೇಕಿಲ್ಲ. ಸುತ್ತಲಿನ ಆಸ್ಪತ್ರೆ, ಕಾರ್ಯಾಗಾರ, ಕಚೇರಿಗಳೇ ಅದರ ಪ್ರಯೋಗಾಲಯ. ವಯಸ್ಸಿನ ಕಟ್ಟುಪಾಡು ಕಡಿಮೆ, ಶುಲ್ಕ ಕಡಿಮೆ. ಅರ್ಧ ಕಾಲ ಪಾಠ, ಅರ್ಧ ಕಾಲ ಕೈಕೆಲಸದ ಅನುಭವ. ಅದರೊಡನೆ ನಾಲ್ಕು ಜನರ ಎದುರು ಮಾತನಾಡುವ ಧೈರ್ಯವನ್ನೂ ಕಲಿಸುವುದು ಅದರ ರೀತಿ. ಸಾಲೋಟಗಿಯ ಹೊರಬಾಗಿಲಿನಲ್ಲಿ ನಿಂತಿದ್ದವರನ್ನು ಒಳಗೆ ಕರೆಯುವ ಪ್ರಯತ್ನವಿದು. ಶ್ರೇಣಿಯ ಹೊಳಪು ಇಂಥ ಕಾಲೇಜಿಗೆ ಇಲ್ಲದಿರಬಹುದು. ಆದರೆ ಸಮಾಜದ ಲೆಕ್ಕದಲ್ಲಿ ಇದರ ಅಂಕ ಕಡಿಮೆಯಲ್ಲ.

ನಾವು ಕೇಳಬೇಕಾದ ಪ್ರಶ್ನೆಗಳು

ಪ್ರಿಯ ಓದುಗರೇ, ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಅದರ ಮಾನ್ಯತೆಯನ್ನು ಖಂಡಿತವಾಗಿ ವಿಚಾರಿಸಿರಿ. ಅದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಅದರ ಪದವಿಗೆ ಕಾನೂನಿನ ಮನ್ನಣೆ ಇದೆಯೇ, ಮಾನ್ಯತೆಯ ಅವಧಿ ಮುಗಿದಿದೆಯೇ ಎಂಬುದನ್ನು ಬಾಗಿಲಿನ ಫಲಕವನ್ನು ನಂಬದೆ ಮಂಡಳಿಯ ಪಟ್ಟಿಯಲ್ಲಿಯೇ ನೋಡಿರಿ. ಅದರ ಜೊತೆಗೆ ಸಾಲೋಟಗಿಯ ಕಂಬ ಕಲಿಸುವ ಪ್ರಶ್ನೆಗಳನ್ನೂ ಕೇಳಿರಿ. ದೂರದ ಊರಿನಿಂದ ಬರುವ ಮಗುವಿಗೆ ಅಲ್ಲಿ ತಂಗಲು ಸುರಕ್ಷಿತವಾದ ಮನೆಯಿದೆಯೇ? ಸಂಜೆಯ ಮೇಲೆ ಗ್ರಂಥಾಲಯದಲ್ಲಿ ದೀಪ ಉರಿಯುತ್ತದೆಯೇ? ಪಾಠ ಹೇಳುವವರಿಗೆ ತಿಂಗಳು ತಿಂಗಳೂ ಗೌರವದ ಸಂಬಳ ಸಿಗುತ್ತದೆಯೇ, ಅಥವಾ ಅವರು ಪ್ರತಿ ಜೂನ್ ತಿಂಗಳಿನಲ್ಲಿಯೂ ಬದಲಾಗುತ್ತಾರೆಯೇ? ಬಡವನ ಮಗುವಿಗೆ ಅಲ್ಲಿ ಜಾಗವಿದೆಯೇ? ಈ ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದರೆ ಆವರಣ ಚಿಕ್ಕದಾಗಿದ್ದರೂ ಅದು ಒಳ್ಳೆಯ ಕಾಲೇಜು. ಉತ್ತರ ಬಾರದಿದ್ದರೆ ಎಷ್ಟು ಎಕರೆ ಹುಲ್ಲುಹಾಸು ಇದ್ದರೂ ಎಚ್ಚರಿಕೆ ಅಗತ್ಯ.

ಇನ್ನು ಕೊನೆಯ ಮಾತು ನಮ್ಮ ಹೊಣೆಯನ್ನು ಕುರಿತದ್ದು. ಪಾವಿಟ್ಟಗೆಯ ಜನ ಕಾಲೇಜನ್ನು ಅರಸನ ಕೆಲಸವೆಂದು ಬಿಟ್ಟುಬಿಡಲಿಲ್ಲ. ಮದುವೆಯಾದರೆ ಐದು, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ಎಂದು ತಮ್ಮ ಮನೆಯ ಸಂಭ್ರಮಗಳಿಗೇ ಅದನ್ನು ಕಟ್ಟಿಹಾಕಿದರು. ನಮ್ಮ ಧರ್ಮಕೇಂದ್ರಗಳಲ್ಲಿಯೂ ವಿವಾಹ, ಜ್ಞಾನಸ್ನಾನ, ಮೊದಲ ಪರಮಪ್ರಸಾದ ಸ್ವೀಕಾರ, ಬೆಳ್ಳಿಹಬ್ಬಗಳು ಅದ್ದೂರಿಯಾಗಿಯೇ ನಡೆಯುತ್ತವೆ. ಮಂಟಪದ ಹೂವಿಗೆ ಕೊಡುವ ಹಣದಲ್ಲಿ ಒಂದು ಪಾಲು ಓದುವ ಮಗುವಿನ ದೀಪಕ್ಕೆ ಹೋಗಲಿ. ಪ್ರತಿ ಮದುವೆಯ ಮನೆಯವರೂ ಒಬ್ಬ ವಿದ್ಯಾರ್ಥಿಯ ಒಂದು ತಿಂಗಳ ಊಟವನ್ನು ಹೊತ್ತುಕೊಂಡರೂ ಸಾಕು. ಆ ಮಗು ಯಾವ ಜಾತಿ, ಯಾವ ಮತ ಎಂದು ಕೇಳದೆ ಕೊಟ್ಟರೆ, ಸಾವಿರ ವರ್ಷಗಳ ಹಿಂದಿನ ಆ ಹಿರಿಯರು ಮಾಡದೆ ಉಳಿಸಿದ ಕೆಲಸವನ್ನೂ ನಾವು ಪೂರೈಸಿದಂತಾಗುತ್ತದೆ. ಹೂದೋಟಕ್ಕೆ ನಾಲ್ಕು, ದೀಪಕ್ಕೆ ಹನ್ನೆರಡು ಎಂಬ ಆ ಹಳೆಯ ಲೆಕ್ಕ ನಮ್ಮ ಮನೆಗಳ ಖರ್ಚಿನ ಪುಸ್ತಕದಲ್ಲಿಯೂ ಒಮ್ಮೆ ಬರೆದುಕೊಳ್ಳಲು ಯೋಗ್ಯವಾದುದು.